ಹನ್ನೆರಡು ಬೋರಿನ ಅಂಬಾದಾಸ

ಇದು ಖರೇ ಕಥೆ. ಖರೇ ಅಲ್ಲವೆಂದು ಯಾರಾದರೂ ಸಾಬೀತು ಮಾಡಿದರೆ ಅಂಬಾದಾಸನ ಹೆಸರು ಬದಲಿಸಬಹುದು, ಅವನ ತಕರಾರಿಲ್ಲ. ತಕರಾರು ಮಾಡುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಾಗುತ್ತದೆ. ಈ ಕಥೆ ಶುರುವಾಗುವ ಸೋಮವಾರ ಅಂಬಾದಾಸನಲ್ಲಿ ಅದು ಇರಲಿಲ್ಲ.

ಅಂಬಾದಾಸ ವಿಜಯಪುರದ ಒಂದು ಸರ್ಕಾರಿ ಕಾಲೇಜಿನಲ್ಲಿ ಗುಮಾಸ್ತ. ನಿವೃತ್ತಿಗೆ ಇನ್ನೆರಡು ವರ್ಷ. ಆ ಸೋಮವಾರ ಮುಂಜಾನೆ ಹನ್ನೊಂದಕ್ಕೆ ಕೌಂಟರಿನ ಕಿಟಕಿಯಲ್ಲಿ ಕೂತಲ್ಲೇ ನಿದ್ದೆ ಹೋದ. ವಿದ್ಯಾರ್ಥಿಗಳು ಒಳ್ಳೆಯವರು, ಎಬ್ಬಿಸಲಿಲ್ಲ; ತಮ್ಮ ತಮ್ಮ ಅರ್ಜಿಯನ್ನು ಅವನ ಬೆರಳ ಸಂದಿಗೆ ಸಿಗಿಸಿ ಹೋದರು. ಎಚ್ಚರವಾದಾಗ ಅವನು ಇಸ್ಪೀಟು ಹಿಡಿದು ಕೂತವನಂತೆ ಕಾಣುತ್ತಿದ್ದ.

ಈ ನಿದ್ದೆಗೆ ಕಾರಣ ಹಂದಿ. ಹೊನವಾಡದಲ್ಲಿ ಅವನ ಹೆಂಡತಿ ಸೋನಾಬಾಯಿಗೆ ತವರಿನಿಂದ ಬಂದ ನಾಲ್ಕು ಎಕರೆ ಹೊಲವಿತ್ತು. ಹೊಲದಲ್ಲಿ ಗೋವಿನಜೋಳ. ಹೆಸರು ಗೋವಿನದು, ತಿನ್ನುವುದು ಕಾಡುಹಂದಿ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗಿ ಸೋಮವಾರ ಮುಂಜಾನೆಯ ಬಸ್ಸಿಗೆ ಬರುವ ತನಕ ಅಂಬಾದಾಸ ಎಣ್ಣೆ ಡಬ್ಬಿ ಬಾರಿಸುತ್ತ ಹೊಲ ಕಾಯುತ್ತಿದ್ದ. ಹಂದಿಗಳು ಮಂಗಳವಾರದಿಂದ ಶುಕ್ರವಾರದವರೆಗೆ ಬಂದು ಹೋಗುತ್ತಿದ್ದವು. ಅವೂ ಸರ್ಕಾರಿ ರಜೆಪಟ್ಟಿ ನೋಡಿಯೇ ಕಾರ್ಯಕ್ರಮ ಹಾಕಿಕೊಳ್ಳುತ್ತಿದ್ದವು ಎಂದು ಕಾಣುತ್ತದೆ.

ಹಿಂದಿನ ವರ್ಷ ಅರ್ಧ ಬೆಳೆ ಹಂದಿಗೆ ಹೋಗಿತ್ತು. ಈ ವರ್ಷ ಸೋನಾಬಾಯಿ ತನ್ನ ತಮ್ಮ ರಾಜಾರಾಮನನ್ನು ಎದುರಿಗೆ ಕೂರಿಸಿಕೊಂಡೇ ತೀರ್ಪು ಕೊಟ್ಟಿದ್ದಳು.

"ಈ ಸಲನೂ ಹಂದಿ ತಿಂದ್ವು ಅಂದ್ರ ದೀಪಾವಳಿಗೆ ಹೊಲ ರಾಜಾರಾಮಗ ಲಾವಣಿ ಹಾಕಿಬಿಡೂದು. ಮುಗೀತು."

ರಾಜಾರಾಮ ತಿಕೋಟಾದ ದ್ರಾಕ್ಷಿ ಬೆಳೆಗಾರ. ಚಹಾದ ಬಸಿಯನ್ನು ಊದಿ ಊದಿ ಕುಡಿಯುತ್ತ, "ನನಗೇನ ಆಸಿ ಇಲ್ಲಪಾ ಮಾವಾ. ಅಕ್ಕ ಕೊಟ್ರ ಬ್ಯಾಡ ಅನ್ನಾಕ ಬರಂಗಿಲ್ಲ, ಅಷ್ಟ," ಎಂದ. ಆಸೆಯಿಲ್ಲದ ಈ ಮನುಷ್ಯ ಹಿಂದಿನ ವಾರವಷ್ಟೇ ಹೊಲದ ನಾಲ್ಕೂ ಬದುವನ್ನು ಹೆಜ್ಜೆ ಹಾಕಿ ಅಳೆದು ಬಂದಿದ್ದ.

ಅಂಬಾದಾಸನಿಗೋ ಆ ಹೊಲ ಬೇಕೇ ಬೇಕಾಗಿತ್ತು. ಮೂವತ್ತನಾಲ್ಕು ವರ್ಷ ಕೌಂಟರಿನಲ್ಲಿ ಕೂತ ಮೇಲೆ, ನಿವೃತ್ತಿಯಾಗಿ ಏನು ಮಾಡಬೇಕೆಂದು ಅವನು ಖಚಿತವಾಗಿ ನಿರ್ಧರಿಸಿದ್ದ: ಏನೂ ಮಾಡಬಾರದು. ಅದನ್ನು ಮಾಡದಿರಲು ಹೊನವಾಡದ ಬೇವಿನ ಗಿಡದ ನೆರಳಿಗಿಂತ ಸೂಕ್ತ ಜಾಗ ಜಿಲ್ಲೆಯಲ್ಲಿರಲಿಲ್ಲ. ಲಾವಣಿಗೆ, ಅಂದರೆ ಗುತ್ತಿಗೆಗೆ, ಹೋದ ಹೊಲದಲ್ಲಿ ಸುಮ್ಮನೆ ಕೂರಲು ರಾಜಾರಾಮನ ಅಪ್ಪಣೆ ಬೇಕಾಗುತ್ತಿತ್ತು.

ಹೀಗಾಗಿ ಅವನ ತಲೆಯಲ್ಲಿ ಬಂದೂಕು ಹೊಕ್ಕಿತು. ಸಾದಾ ಬಂದೂಕಲ್ಲ. ಊಟದ ಬಿಡುವಿನಲ್ಲಿ ಮೊಬೈಲು ನೋಡುತ್ತ, ಯಾವುದೋ ದೇಶದ ಹಿಮದಲ್ಲಿ ನಿಂತ ಒಬ್ಬ ಗಡ್ಡದವನನ್ನು ಅವನು ಕಂಡುಕೊಂಡ. ಗಡ್ಡದವನು ದಿನಕ್ಕೊಂದರಂತೆ ರೈಫಲು ಎತ್ತಿ ತೋರಿಸಿ, ಮನುಷ್ಯನಾದವನಿಗೆ ಜೀವಮಾನದಲ್ಲಿ ಒಂದೇ ರೈಫಲು ಸಾಕು, ಅದು ಚಿಲಕ ಎಳೆದಂತೆ ಎಳೆದು ಗುಂಡು ತುಂಬುವ ಬೋಲ್ಟ್ ಆಕ್ಷನ್ ಇರಬೇಕು, ಎಲ್ಲದಕ್ಕೂ ಒದಗಬೇಕು ಎಂದು ಬೋಧಿಸುತ್ತಿದ್ದ. ಭಾಷೆ ಅರ್ಧ ತಿಳಿಯುತ್ತಿತ್ತು, ಗಡ್ಡ ಪೂರ್ತಿ ತಿಳಿಯುತ್ತಿತ್ತು. ಅಂಬಾದಾಸ ಇನ್ನೂರು ಪುಟದ ವಹಿಯೊಂದನ್ನು ತಂದು ಇಪ್ಪತ್ತಮೂರು ರೈಫಲುಗಳ ತೂಕ, ಉದ್ದ, ಗುಣಾವಗುಣ ಬರೆದ. ತನ್ನ ಮದುವೆಗೆ ಹೆಣ್ಣು ನೋಡುವಾಗ ಇದರ ಹತ್ತರಲ್ಲೊಂದು ವಿಚಾರವನ್ನೂ ಅವನು ಮಾಡಿರಲಿಲ್ಲ.

ವಹಿ ಕಂಕುಳಲ್ಲಿಟ್ಟುಕೊಂಡು ಒಂದು ಸಂಜೆ ಇಸಾಕ ಸಾಹೇಬರ ಬಂದೂಕಿನ ಅಂಗಡಿಗೆ ಹೋದ. ಇಸಾಕ ಸಾಹೇಬರು ಎಪ್ಪತ್ತು ದಾಟಿದವರು. ಅಂಗಡಿಯಲ್ಲಿ ಬಂದೂಕಿಗಿಂತ ಧೂಳು ಹೆಚ್ಚು.

"ಬರ್ರಿ ಸಾಹೇಬ್ರ. ಏನ ಬೇಕಾಗಿತ್ರಿ?"

"ಬೋಲ್ಟ್ ಬೇಕಾಗಿತ್ರಿ."

"ನಟ್ ಬೋಲ್ಟ್ ಮುಂದಿನ ಗಲ್ಲಿದಾಗ."

"ಅಲ್ರಿ, ಬೋಲ್ಟ್ ಆಕ್ಷನ್ ರೈಫಲ್. ಆಲ್‌ರೌಂಡರ್ ಇರಬೇಕ್ರಿ."

"ಬೌಲಿಂಗೂ ಮಾಡಬೇಕೇನ್ರಿ?"

ಅಂಬಾದಾಸ ವಹಿ ತೆರೆದ. "ನೋಡ್ರಿ, ಜಿಂಕಿಗೆ ನಾಜೂಕ ಇರಬೇಕು, ಕರಡಿಗೆ ಗಟ್ಟಿ ಇರಬೇಕು. ಗುಡ್ಡ ಹತ್ತುವಾಗ ಹೆಗಲಿಗೆ ಭಾರ ಆಗಬಾರದು. ಹಿಮದಾಗ ಜಂಗ ಹಿಡೀಬಾರದು."

"ಕರಡಿ ಎಲ್ಲಿ ಅದಾವ್ರಿ?"

"ಅಮೆರಿಕದಾಗ."

"ಹೊಲ ಎಲ್ಲಿ ಐತ್ರಿ?"

"ಹೊನವಾಡದಾಗ."

ಇಸಾಕ ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಕರಡಿ ತಿಕೋಟಾದಾಗ ಬಸ್ ಬದಲಿ ಮಾಡಬೇಕಾಗ್ತೈತಿ. ಏನರೆ ಆಗಲಿ. ಮತ್ತ?"

"ದೂರದ್ದು ನೋಡಾಕ ಮ್ಯಾಲ ಸ್ಕೋಪ್ ಇರಬೇಕ್ರಿ."

"ಈ ಧಂದೇದಾಗ ಸ್ಕೋಪ್ ಇದ್ದಿದ್ರ ನನ್ನ ಮಗ ಯಾಕ ಮೊಬೈಲ್ ಅಂಗಡಿ ಹಾಕತಿದ್ದ ಸಾಹೇಬ್ರ?"

ಆಮೇಲೆ ಇಸಾಕ ಸಾಹೇಬರು ವಹಿಯನ್ನು ಇಸಿದುಕೊಂಡು ಪುಟಪುಟಕ್ಕೂ ಬೆರಳು ಎಂಜಲು ಮಾಡಿ ಓದಿ ಮುಗಿಸಿದರು. "ನೋಡ್ರಿ, ಬ್ಯಾಟಿ ಬಂದಾಗಿ ಐವತ್ತ ವರ್ಷದ ಮ್ಯಾಲ ಆತು. ನಿಮ್ಮ ಇಪ್ಪತ್ತಮೂರರಾಗ ಇಪ್ಪತ್ತೆರಡ ನಮ್ಮ ಅಂಗಡಿ ಕಟ್ಟಿ ಹತ್ತಂಗಿಲ್ಲ. ಉಳಿದಿದ್ದ ಒಂದು, ಮುನ್ನೂರಾ ಹದಿನೈದ ಬೋರ್. ಅದು ಬೋಲ್ಟ್ ಆಕ್ಷನ್ ಖರೆ. ಆದ್ರ ಅದರ ಗುಂಡ ಭಾಳ ದೂರ ಹೋಗ್ತೈತಿ. ನೀವು ಹೊನವಾಡದಾಗ ಹಂದಿಗೆ ಹೊಡದ್ರ ತಿಕೋಟಾದಾಗ ಯಾರಿಗರೆ ಹತ್ತೀತು."

ತಿಕೋಟಾದಲ್ಲಿ ರಾಜಾರಾಮನಿದ್ದ. ಈ ಸಾಧ್ಯತೆಯನ್ನು ಅಂಬಾದಾಸ ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು ಯೋಚಿಸಿದ.

"ಬೆಳಿ ಕಾಯೂ ರೈತಗ ಹನ್ನೆರಡ ಬೋರ್, ಡಬಲ್ ಬ್ಯಾರಲ್, ಅಂದ್ರ ಎರಡ ನಳಿಗಿದು, ಸಾಕಾಗ್ತೈತ್ರಿ," ಎಂದು ಇಸಾಕ ಸಾಹೇಬರು ತೀರ್ಮಾನಿಸಿದರು. "ಅದಕ್ಕ ಮೊದಲ ಲೈಸೆನ್ಸ್. ಲೈಸೆನ್ಸಿಗೆ ಮೊದಲ ಅರ್ಜಿ. ಅರ್ಜಿಗೆ ಮೊದಲ ಚಾ. ಕುಂದರ್ರಿ."

ಅಂಬಾದಾಸ ಕೂತು, ವಹಿಯ ಕೊನೆಯ ಪುಟದಲ್ಲಿ ಬರೆದುಕೊಂಡ: "315 ಬೋರ್ — ಭಾಳ ದೂರ ಹೋಗ್ತದ, ಬ್ಯಾಡ. 12 ಬೋರ್ — ಸಾಕು."

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಬಂದೂಕಿನವರಿಗೆ ಬೋರ್ ಎಂದರೆ ನಳಿಗೆಯ ಗಾತ್ರದ ಲೆಕ್ಕ. ವಿಜಯಪುರ ಸೀಮೆಯಲ್ಲಿ ಈ ಅರ್ಥ ಗೊತ್ತಿದ್ದವರು ಇಸಾಕ ಸಾಹೇಬರು, ಪೊಲೀಸರು, ಮತ್ತು ಆ ಸಂಜೆಯಿಂದ ಅಂಬಾದಾಸ. ಉಳಿದವರಿಗೆಲ್ಲ ಬೋರ್ ಎಂದರೆ ಕೊಳವೆಬಾವಿ, ಅಂದರೆ ನೆಲ ಕೊರೆಯುವುದು. ನಾಲ್ಕು ಅಕ್ಷರ ಕಲಿತವರಿಗೆ ಇನ್ನೊಂದು ಅರ್ಥವೂ ಉಂಟು, ತಲೆ ಕೊರೆಯುವುದು. ಎರಡರಲ್ಲೂ ಎಷ್ಟು ಆಳಕ್ಕೆ ಹೋದರೂ ಬಹಳ ಸಲ ಏನೂ ಸಿಗುವುದಿಲ್ಲ.

ಅರ್ಜಿಯನ್ನು ಟೈಪು ಮಾಡಿಕೊಟ್ಟವನು ಕಾಲೇಜಿನ ಟೈಪಿಸ್ಟ್ ನದೀಮ. ಎರಡೂ ಕೈಯಲ್ಲಿ ಟೈಪು ಮಾಡುತ್ತ ಬಾಯಲ್ಲಿ ಪ್ರಾಚಾರ್ಯರ ಕೆಮ್ಮು, ಕಂಡಕ್ಟರನ ಸೀಟಿ, ಸಭಾಭವನದ ಮೈಕಿನ ಕಿರುಚಾಟ ಎಲ್ಲವನ್ನೂ ಹೊರಡಿಸುವ ಪ್ರತಿಭಾವಂತ. ಅವನ ಕೆಮ್ಮಿಗೆ ಹೆದರಿ ಎರಡು ಸಲ ಇಡೀ ಸಿಬ್ಬಂದಿ ಎದ್ದು ನಿಂತದ್ದುಂಟು. ಒಂದು ಸಲ ಪ್ರಾಚಾರ್ಯರೇ ಎದ್ದು ನಿಂತಿದ್ದರು.

ಅರ್ಜಿ ಜಿಲ್ಲಾ ಕಚೇರಿಯೊಳಗೆ ಹೋಯಿತು. ಹೋದ ಅರ್ಜಿಗಳು ಹೇಗಿರುತ್ತವೋ ಹಾಗೆ ಅಲ್ಲೇ ಇತ್ತು. ಸೋನಾಬಾಯಿಗೆ ಅಂಬಾದಾಸ ಇದನ್ನು ಹೇಳಿರಲಿಲ್ಲ. ಸುರುಸುರುಬತ್ತಿಗೇ ಕಿವಿ ಮುಚ್ಚಿಕೊಂಡು ಅಡಿಗೆಮನೆಗೆ ಓಡುವ ಹೆಣ್ಣುಮಗಳು. ಬಂದೂಕು ಮನೆಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದ. ಮಂಜೂರಾಗಬೇಕಾದದ್ದು ಹನ್ನೆರಡು ಬೋರ್, ಮನಸ್ಸು ಮಾತ್ರ ಇನ್ನೂ ಬೋಲ್ಟಿನಲ್ಲೇ ಸಿಕ್ಕಿಕೊಂಡಿತ್ತು. ಹೀಗಾಗಿ ಪ್ರತಿ ಮುಂಜಾನೆ ಬಚ್ಚಲುಮನೆಗೆ ಹೋಗಿ ಬಾಗಿಲ ಚಿಲಕದ ಮೇಲೆ ತಾಲೀಮು ಮಾಡುತ್ತಿದ್ದ. ಎತ್ತು, ಹಿಂದಕ್ಕೆಳೆ, ಮುಂದಕ್ಕೆ ನೂಕು, ಒತ್ತು. ಖಟ್, ಖರ್ರ್, ಖರ್ರ್, ಖಟ್.

ಗೋಡೆಯಾಚೆ ಮೋಟಾರ್ ವೈಂಡಿಂಗ್ ಮಾಡುವ ಮೆಹಬೂಬನ ಮನೆ. "ಅಣ್ಣಾ, ಚಿಲಕಾ ಹಾಕೂದೂ ಮರತೀರೇನ್ರಿ?" ಎಂದು ಅವನು ಅಲ್ಲಿಂದಲೇ ಕೂಗಿ ಕೇಳುತ್ತಿದ್ದ.

ಗೋವಿನಜೋಳದ ತೆನೆ ಬಲಿಯತೊಡಗಿದ ವಾರ, ಒಂದು ಮುಂಜಾನೆ ಒಂಬತ್ತೂವರೆಗೆ, ನದೀಮನಿಗೆ ಮಾಡಲು ಕೆಲಸವಿರಲಿಲ್ಲ. ಕಾಲೇಜಿನ ಗ್ರಂಥಾಲಯದ ಫೋನಿನಿಂದ ಅಂಬಾದಾಸನ ನಂಬರಿಗೆ ಹಚ್ಚಿದ. ಅಂಬಾದಾಸ ಬಚ್ಚಲಲ್ಲಿ ಮೂರನೆಯ ಸುತ್ತಿನ ತಾಲೀಮಿನಲ್ಲಿದ್ದ. ಫೋನು ಎತ್ತಿದವಳು ಸೋನಾಬಾಯಿ.

"ನಮಸ್ಕಾರ. ಇದು ಶ್ರೀಯುತ ಅಂಬಾದಾಸ ಅವರ ದೂರವಾಣಿಯೇ?"

"ಹೌದ್ರಿ. ಅವರು ಒಳಗ ಹೋಗ್ಯಾರ. ನಾ ಅವರ ಮನಿಯಾಕಿ. ಏನ ಹೇಳ್ರಿ."

ನದೀಮ ಇದನ್ನು ನಿರೀಕ್ಷಿಸಿರಲಿಲ್ಲ. ಆದರೆ ಗಂಟಲಿಗೆ ಸಾಹೇಬ ಹೊಕ್ಕಿದ್ದ. ಹೊಕ್ಕ ಸಾಹೇಬ ಷರಾ ಬರೆಯದೆ ಹೊರಗೆ ಬರುವುದಿಲ್ಲ.

"ತಮ್ಮ ಯಜಮಾನರ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿಯವರಿಗೆ ಡಬಲ್ ಬ್ಯಾರಲ್, ಹನ್ನೆರಡು ಬೋರ್ ಮಂಜೂರು ಮಾಡಲಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ."

"ಎಷ್ಟ ಬೋರ್ ಅಂದ್ರಿ?"

"ಹನ್ನೆರಡು."

"ಯಾವ ಹೊಲಕ್ರಿ?"

"ಹೊನವಾಡದ ನಾಲ್ಕು ಎಕರೆಗೆ. ಯಜಮಾನರು ಕಚೇರಿಗೆ ಬರುವಾಗ ಒಂದು ಕಿಲೋ ಪೇಢೆ ತರತಕ್ಕದ್ದು."

ಕೊನೆಯ ವಾಕ್ಯದಲ್ಲಿ ಗುಟ್ಟು ರಟ್ಟಾಗಬೇಕಿತ್ತು. ಆದರೆ ಸರ್ಕಾರಿ ಆದೇಶವೊಂದು ಪೇಢೆಯಲ್ಲಿ ಮುಗಿದದ್ದು ಸೋನಾಬಾಯಿಗೆ ವಿಚಿತ್ರವಾಗಿಯೇನೂ ಕಾಣಲಿಲ್ಲ. ಫೋನಿಟ್ಟವಳೇ ತಮ್ಮನಿಗೆ ಹಚ್ಚಿದಳು. ಆಮೇಲೆ ಬಬಲೇಶ್ವರದ ತಂಗಿ ಮಾಲಾಗೆ. ಆಮೇಲೆ ಗೋಡೆಯಾಚೆಗೆ, ಅಲ್ಲಿಗೆ ಫೋನು ಬೇಕಾಗಲಿಲ್ಲ.

ಅಂಬಾದಾಸ ತಲೆ ಒರೆಸುತ್ತ ಹೊರಗೆ ಬಂದ.

"ಏನ್ರಿ, ಹನ್ನೆರಡ ಬೋರ್ ಮಂಜೂರಾಗೇತಂತಲ್ರಿ! ಸಾಹೇಬ್ರ ಫೋನ್ ಬಂದಿತ್ತು. ನನಗ ಒಂದ ಮಾತ ಹೇಳಲಿಲ್ಲಲ್ರಿ!"

ಅಂಬಾದಾಸನ ಕೈಯಿಂದ ಟವೆಲು ಜಾರಿತು. "ಹೇಳಿದ್ರ ನೀ ಅಂಜತಿ ಅಂತ…"

"ಅಂಜೂದೇನ ಬಂತು? ಎಲ್ಲಾರ ಹೊಲದಾಗ ಇರೂದ. ನಮ್ಮ ಮಾಲಾನ ಹೊಲದಾಗ ಎರಡ ಅದಾವ."

"ಮಾಲಾನ ಹೊಲದಾಗ? ಎರಡ? ಲೈಸೆನ್ಸ್ ಐತೇನ?"

"ಲೈಸೆನ್ಸ್ ಯಾರ ಕೇಳ್ತಾರ್ರಿ? ಒಂದ ಕೆಟ್ಟ ಬಿದ್ದೈತಿ. ಇನ್ನೊಂದ ಛಲೋ ಹೊಡೀತೈತಿ."

"ಎಷ್ಟ ದೂರ ಹೊಡೀತೈತಿ?" ಎಂದು ಅಂಬಾದಾಸ ಪರಿಣತನ ಗಾಂಭೀರ್ಯದಿಂದ ಕೇಳಿದ.

"ಎರಡಿಂಚ ಪೈಪ್ ತುಂಬ ಹೊಡೀತೈತ್ರಿ! ಮತ್ತ ನಮಗ ಎರಡ ಬ್ಯಾರಲ್ಲೂ ಕೊಡ್ತಾರಂತ, ನೀರ ತುಂಬಿಡಾಕ."

ಪೈಪು ಎಂಬಲ್ಲಿ ಅಂಬಾದಾಸನಿಗೆ ಅನುಮಾನ ಬಂತು, ನೀರು ಎಂಬಲ್ಲಿ ಖಾತ್ರಿಯಾಯಿತು. ಆಗಲೇ ಹೇಳಬೇಕಿತ್ತು. ಆದರೆ ಹೇಳಬೇಕೆಂದರೆ ಬಂದೂಕು, ಹಂದಿ, ನಳಿಗೆ, ಗಡ್ಡದವನು ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಹೊತ್ತಾಗಿತ್ತು, ಮೈ ಸೋತಿತ್ತು. ಸಂಜೆ ಬಂದು ಹೇಳಿದರಾಯಿತು ಎಂದು ಚಪ್ಪಲಿ ಮೆಟ್ಟಿದ.

ಕಾಲೇಜಿನಲ್ಲಿ ನದೀಮ ಬಾಗಿಲಲ್ಲೇ ಕಾಯುತ್ತಿದ್ದ, ನಿಜ ಹೇಳಿ ನಕ್ಕುಬಿಡಬೇಕೆಂದು. ಆದರೆ ಅಂಬಾದಾಸ ಅವನ ಭುಜ ಹಿಡಿದು, "ಮಂಜೂರಾತಂತ ನೋಡಪಾ ನದೀಮ. ಹೊಲ ಉಳೀತು," ಎಂದ. ಮೂರು ವರ್ಷದಲ್ಲಿ ಮೊದಲ ಸಲ ಅವನ ಹಲ್ಲು ಕಂಡವು. ನದೀಮನ ಗಂಟಲಲ್ಲಿ ಅಷ್ಟೊಂದು ದನಿಗಳಿದ್ದರೂ ಅಂದು ಸ್ವಂತದ್ದು ಒಂದೂ ಹೊರಡಲಿಲ್ಲ.

ಸಂಜೆ ಅಂಬಾದಾಸ ಮನೆಗೆ ಬಂದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಮೊದಲು ಮೆಹಬೂಬ.

"ಅಣ್ಣಾ, ಹನ್ನೆರಡೂ ಮೋಟಾರ್ ನನ್ನ ಕಡೇನ ಬರಬೇಕ ನೋಡ್ರಿ. ಗೋಡಿ ಒಂದ, ಮನಿ ಎರಡ. ನಿಮ್ಮ ಚಿಲಕದ ಸಪ್ಪಳ ಇಷ್ಟ ದಿನ ತಡಕೊಂಡೇನೋ ಇಲ್ಲೋ?"

ಒಳಗೆ ರಾಜಾರಾಮ ಮಂಚದ ಮೇಲೆ ಕೂತಿದ್ದ. ಅವನ ತೊಡೆಯ ಮೇಲೆ, ಕಪಾಟಿನಿಂದ ಸೋನಾಬಾಯಿ ಹುಡುಕಿ ತೆಗೆದ ವಹಿ. ಮೊದಲ ನೂರಾ ತೊಂಬತ್ತೊಂಬತ್ತು ಪುಟ ಅವನಿಗೆ ತಿಳಿದಿರಲಿಲ್ಲ; ಕೊನೆಯ ಪುಟ ಮಾತ್ರ ಚೆನ್ನಾಗಿ ತಿಳಿದಿತ್ತು.

"ಜೈ ಭೀಮ್ ಮಾವಾ. ನೀ ಭಾರಿ ಮನಷ್ಯಾ ಬಿಡು! ಮುನ್ನೂರಾ ಹದಿನೈದ ಬೋರ್ ಕೇಳಾಂವ ಇದ್ದಿ? 'ಭಾಳ ದೂರ ಹೋಗ್ತದ, ಬ್ಯಾಡ.' ಬರೋಬ್ಬರಿ ಐತಿ. ಅಷ್ಟ ಆಳ ಹೋದ್ರ ನೀರ ಬಿಸಿ ಬರತೈತಿ."

"ರಾಜಾರಾಮಾ, ಕೇಳಿಲ್ಲಿ. ಅದು ನೀರಿಂದಲ್ಲೋ. ಬಂದೂಕಿಂದು."

ಸೋನಾಬಾಯಿ ಗಂಡನ ಮುಖ ನೋಡಿದಳು, ಮೆಹಬೂಬ ರಾಜಾರಾಮನ ಮುಖ ನೋಡಿದ. ಆಮೇಲೆ ರಾಜಾರಾಮ ತೊಡೆ ತಟ್ಟಿಕೊಂಡು ನಕ್ಕ.

"ಕೇಳಿದೇನಕ್ಕಾ? ಮಂದಿಗೆ ಹಂಚಬೇಕಾಗ್ತೈತಿ ಅಂತ ಹೆಂಗ ಮಾತ ಮರಸತಾನ ನೋಡು! ಹನ್ನೆರಡ ಬಂದೂಕಂತ! ಯಾಕ ಮಾವಾ, ಪಲ್ಟನ್ ಕಟ್ಟತಿಯೇನ?"

"ಹನ್ನೆರಡಲ್ಲೋ, ಒಂದ! ಹನ್ನೆರಡ ಬೋರಿಂದ ಒಂದ ಬಂದೂಕು!"

"ಅಂದ್ರ ಹನ್ನೆರಡ ಬೋರಿಗೆ ಒಂದ ಬಂದೂಕ, ಕಾಯಾಕ. ಹಂಗನ್ನು," ಎಂದ ಮೆಹಬೂಬ, ಸಮಾಧಾನಪಡಿಸುವ ದನಿಯಲ್ಲಿ.

ಅಂಬಾದಾಸ ಗೋಡೆಗೆ ಒರಗಿ ಕೂತ. ಸತ್ಯವನ್ನು ಒಂದು ಸಲ ಹೇಳಿದ್ದಾಗಿತ್ತು. ಎರಡನೆಯ ಸಲ ಹೇಳುವಷ್ಟು ಉಸಿರು ಅವನಲ್ಲಿರಲಿಲ್ಲ. ರಾಜಾರಾಮ ಅಷ್ಟರಲ್ಲಿ ಸಭೆ ನಡೆಸಿ ಮುಗಿಸಿದ್ದ. ನಾಲ್ಕು ಎಕರೆಗೆ ಹನ್ನೆರಡು ಬೋರ್ ಏನು ಮಾಡಲು? ಮಾವನಿಗೊಂದು ಸಾಕು. ಮಂಜೂರಾದದ್ದು ಅವನ ಹೊಲಕ್ಕೆ, ಆದ್ದರಿಂದ ಹನ್ನೊಂದೂ ಅಲ್ಲೇ ಬೀಳಬೇಕು. ನೀರನ್ನು ಬಂಧುಬಳಗದವರು ಪೈಪು ಹಾಕಿ ಒಯ್ಯಬೇಕು. ಲಾವಣಿಯ ಮಾತು ಬೆಳೆ ಕಟಾವಾದ ಮೇಲೆ.

ಶನಿವಾರ ಅಂಬಾದಾಸ ಹೊನವಾಡದಲ್ಲಿ ಬಸ್ಸಿಳಿದು ಹೊಲಕ್ಕೆ ಹೋದಾಗ, ಹೊಲ ಅವನಿಗಿಂತ ಮೊದಲೇ ತುಂಬಿತ್ತು. ಸಾರವಾಡದಿಂದ ಹೊಳೆವ್ವನನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಹೊಳೆವ್ವ ಸೋನಾಬಾಯಿಯ ಸೋದರತ್ತೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೆಲದಡಿಯ ನೀರು ನೋಡುವವಳು. ಕಾಯಿ ತಾನಾಗಿ ಎದ್ದು ನಿಂತಲ್ಲಿ ನೀರು.

"ಲೇ ಅಂಬಾದಾಸ, ನಿನ್ನ ಹೊಲದಾಗ ಮೂರೇ ಕಡೆ ನೀರ ಐತಿ," ಎಂದಳು ಹೊಳೆವ್ವ.

"ಮೂರ ಆದ್ರ ಹೆಂಗ ಅತ್ತಿ? ಹನ್ನೆರಡ ಮಂಜೂರಾಗ್ಯಾವ. ಸರ್ಕಾರದ್ದು ಹಿಂದಕ ಕಳಸಾಕ ಬರತೈತೇನು? ಇನ್ನೊಮ್ಮೆ ನೋಡು," ಎಂದ ರಾಜಾರಾಮ.

ಇನ್ನೊಮ್ಮೆ ನೋಡಿದಾಗ ತೆಂಗಿನಕಾಯಿ ಸರ್ಕಾರದ ಮಾತಿಗೆ ಬೆಲೆ ಕೊಟ್ಟು ಹನ್ನೆರಡು ಕಡೆ ಎದ್ದು ನಿಂತಿತು. ಹನ್ನೆರಡು ಗೂಟ ನೆಟ್ಟರು. ಒಂದು ಅಂಬಾದಾಸನದು, ಒಂದು ರಾಜಾರಾಮನದು, ಒಂದು ಮಾಲಾನದು, ಒಂದು ಮೋಟಾರಿನ ಹಕ್ಕಿನ ಮೇಲೆ ಮೆಹಬೂಬನದು, ಒಂದು ನೀರು ತೋರಿಸಿದ್ದಕ್ಕೆ ಹೊಳೆವ್ವನದು. ಉಳಿದವು ಆಜುಬಾಜಿನ ಹೊಲದವರದು. ಕೊನೆಯ ಗೂಟ ಮಮದಾಪುರದಿಂದ ಬಂದ ಒಬ್ಬ ದೂರದ ಸಂಬಂಧಿಯದು. ಸಂಬಂಧ ಏನೆಂದು ಅವನಿಗೂ ಗೊತ್ತಿರಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಾರನೆಯ ಮುಂಜಾನೆ ನೋಡಿದರೆ ಮಾಲಾನ ಗೂಟ ಆರಡಿ ಸರಿದಿತ್ತು.

"ಯಾರ ಕಿತ್ತಾರ ನನ್ನ ಗೂಟಾ? ಬಾಯಿ ಬಿಡ್ರಿ!" ಎಂದು ಮಾಲಾ ಸೆರಗು ಕಟ್ಟಿ ನಿಂತಳು.

"ನಿನ್ನ ಗೂಟಾ ಯಾರಿಗ ಬೇಕಬೇ? ಅದಕ್ಕ ಕಾಲ ಬಂದಿರಬೇಕು," ಎಂದ ರಾಜಾರಾಮ.

ಹೀಗೆ ಆರಡಿಗಾಗಿ ಆರು ತಾಸು ಜಗಳವಾಗಿ, ಅಂದಿನಿಂದ ಯಾರೂ ತಮ್ಮ ಗೂಟ ಬಿಟ್ಟು ಅಲುಗಲಿಲ್ಲ. ಗೂಟಕ್ಕೊಂದು ತಾಡಪತ್ರಿಯ ಚಪ್ಪರ, ಚಪ್ಪರಕ್ಕೊಂದು ಮಂಚ, ಮಂಚಕ್ಕೊಬ್ಬ ಮಾಲೀಕ. ಹಗಲು ಗಂಡ, ರಾತ್ರಿ ಹೆಂಡತಿ. ಇಲ್ಲಾ ಹಗಲು ಅಣ್ಣ, ರಾತ್ರಿ ತಮ್ಮ. ಬ್ಯಾಟರಿ ದೀಪ, ಒಲೆಯ ಹೊಗೆ, ಮೊಬೈಲಿನ ಹಾಡು, ಆಗಾಗ "ಯಾರಂವ? ಗೂಟದ ಹಂತ್ಯಾಕ ಯಾರ ಅಲ್ಲಿ?" ಎಂಬ ಗದ್ದಲ. ರಾಜಾರಾಮನಂತೂ ತನ್ನ ದ್ರಾಕ್ಷಿ ತೋಟವನ್ನು ಆಳಿಗೆ ಬಿಟ್ಟು ಇಲ್ಲಿ ಬಿಡಾರ ಹೂಡಿದ. ತನ್ನ ಹೊಲದಲ್ಲಿ ಯಾವತ್ತೂ ಅವನು ಅಷ್ಟು ಎಚ್ಚರ ಇದ್ದವನಲ್ಲ.

ಅಂಬಾದಾಸ ಪ್ರತಿ ಶನಿವಾರ ಬಂದಾಗಲೂ ಹನ್ನೊಂದು ಮಂಚಗಳ ಮುಂದೆ ಹಾಯಬೇಕಾಗುತ್ತಿತ್ತು. ಪ್ರತಿ ಮಂಚದವರೂ ಅವನನ್ನು ಕೂರಿಸಿ, ಚಹಾ ಕೊಟ್ಟು, ಕೊರೆಯುವ ಗಾಡಿ ಯಾವಾಗ ಬರುತ್ತದೆಂದು ಕೇಳಿ ಕೊರೆಯುತ್ತಿದ್ದರು. ನೆಲ ಇನ್ನೂ ಗಟ್ಟಿಯಿತ್ತು, ತಲೆಗೆ ಮಾತ್ರ ಹನ್ನೊಂದು ಬೋರ್ ಬಿದ್ದಿದ್ದವು.

"ಬರತೈತ್ರಿ," ಎನ್ನುತ್ತಿದ್ದ ಅಂಬಾದಾಸ. "ಎಲ್ಲಾ ಬರತೈತಿ."

ಗೋವಿನಜೋಳ ಒಣಗಿ ಕೊಯ್ಲಿಗೆ ಬಂತು. ಗಾಡಿ ಬರಲಿಲ್ಲ. ಪೈರು ನಿಂತಿರುವಾಗ ಗಾಡಿ ಒಳಗೆ ಹೇಗೆ ಬಂದೀತು, ಅದಕ್ಕೇ ತಡ ಎಂದು ರಾಜಾರಾಮ ಸಿದ್ಧಾಂತ ಮಂಡಿಸಿದ. ಸರಿ, ಹನ್ನೊಂದು ಗೂಟದವರೂ ಕುಡುಗೋಲು ಹಿಡಿದು ಎರಡೇ ದಿನದಲ್ಲಿ ಪೈರು ಕೊಯ್ದು, ತೆನೆ ಮುರಿದು, ಬೇವಿನ ಗಿಡದ ಬುಡಕ್ಕೆ ರಾಶಿ ಹಾಕಿದರು. ಅವಸರ ಅವರದು, ರಾಶಿ ಅಂಬಾದಾಸನದು.

ಆ ಭಾನುವಾರ ಮಧ್ಯಾಹ್ನ ವಿಜಯಪುರದ ಬಸ್ಸಿನಿಂದ ನದೀಮ ಇಳಿದು ಬಂದ. ಮೂರು ವಾರದ ಅಪರಾಧ ಅವನ ಮುಖವನ್ನು ಇಷ್ಟುದ್ದ ಮಾಡಿತ್ತು. ಅವನು ಅಂಬಾದಾಸನನ್ನು ಬದಿಗೆ ಕರೆದು, "ಸರ, ಒಂದ ಮಾತ ಹೇಳೂದಿತ್ರಿ," ಎನ್ನುವಷ್ಟರಲ್ಲಿ ಬದುವಿನ ಮೇಲೆ ಒಂದು ಸ್ಕೂಟಿ ಬಂದು ನಿಂತಿತು. ಹೆಲ್ಮೆಟ್ಟಿನೊಳಗಿಂದ ಹೊರಬಂದವಳು ಊರಿನ ಜಮೀನಿನ ಲೆಕ್ಕ ನೋಡುವ ತಲಾಠಿ ವಿಶಾಖಾ. ರಜೆಯ ದಿನವೂ ಬಿಡದೆ ಬಾಕಿ ಕೆಲಸ ಮುಗಿಸಿಕೊಳ್ಳುವ ಹೊಸ ಪೀಳಿಗೆಯ ಅಧಿಕಾರಿ.

"ಅಂಬಾದಾಸ ಅನ್ನೋರು ಯಾರ್ರಿ? ಅರ್ಜಿ ಕೊಟ್ಟಿದ್ರಲ್ಲ, ಸ್ಥಳ ನೋಡಾಕ ಬಂದೇನಿ."

ಹನ್ನೊಂದು ಮಂಚಗಳಿಂದ ಹನ್ನೊಂದು ಮಂದಿ ಎದ್ದು ಬಂದರು. "ಬರ್ರಿ ಮ್ಯಾಡಮ್ಮರ, ಮೊದಲ ನನ್ನದ ನೋಡ್ರಿ," ಎಂದ ರಾಜಾರಾಮ. "ಇಲ್ರಿ, ನನ್ನದು ದಾರಿಗೆ ಹತ್ತಿರ ಐತಿ," ಎಂದಳು ಮಾಲಾ.

ವಿಶಾಖಾ ಕಾಗದ ತೆಗೆದು ಓದಿದಳು. "ಕಾಡುಪ್ರಾಣಿಗಳಿಂದ ಬೆಳೆ ರಕ್ಷಣೆಗಾಗಿ ಡಬಲ್ ಬ್ಯಾರಲ್, ಹನ್ನೆರಡು ಬೋರಿನ ಬಂದೂಕು ಹೊಂದಲು ಪರವಾನಗಿ ಕೋರಿ ಅರ್ಜಿ. ಇದ ಹೌದಲ್ರಿ?"

ರಾಶಿ ನೋಡಲು ಬಂದಿದ್ದ ಸೋನಾಬಾಯಿ ಕಿವಿ ಮುಚ್ಚಿಕೊಂಡಳು. ಹೊಳೆವ್ವ ಮಾತ್ರ ತೆಂಗಿನಕಾಯಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಮುಂದೆ ಬಂದಳು.

"ಬಂದೂಕಿಗೆ ಬೋರ್ ಯಾಕ ಹಾಕಸ್ತಾರ ಯವ್ವಾ? ಅದಕ್ಕ ನೀರಡಿಸ್ತೈತೇನು?"

"ಬೋರ್ ಅಂದ್ರ ಅದರ ನಳಿಗಿ ಅಳತಿ ಅಜ್ಜಿ. ಇಷ್ಟ ದಪ್ಪ ತೂತ ಇರತೈತಿ," ಎಂದು ವಿಶಾಖಾ ಹೆಬ್ಬೆರಳು ಎತ್ತಿ ತೋರಿಸಿದಳು.

"ಇಷ್ಟ ತೂತಿಗೆ ಇಷ್ಟ ಮಂದಿ ಕುಂತೇವೇನ ನಾವು?"

"ಮತ್ತ ಮಂಜೂರಾತು ಅಂತ ಫೋನ್ ಬಂದಿತ್ತಲ್ರಿ!" ಎಂದಳು ಸೋನಾಬಾಯಿ.

"ನಾ ಇನ್ನೂ ಸ್ಥಳಾನ ನೋಡಿಲ್ಲ, ಮಂಜೂರ ಹೆಂಗ ಆಗತೈತ್ರಿ? ನಮ್ಮ ಕಡಿಂದ ಯಾರೂ ಫೋನ್ ಮಾಡಿಲ್ಲ."

ಆಗ ರಾಶಿಯ ಹಿಂದಿನಿಂದ ಒಂದು ದನಿ ಬಂತು. ದಪ್ಪ, ಗಂಭೀರ, ಆದರೆ ಸ್ವಲ್ಪ ನಡುಗುವ ದನಿ: "ತಿಳಿಸಲು… ಹರ್ಷಿಸುತ್ತೇವೆ." ಸೋನಾಬಾಯಿ ಸುತ್ತ ನೋಡಿದಳು. ನದೀಮ ಎರಡೂ ಕಿವಿ ಹಿಡಿದುಕೊಂಡು ನಿಂತಿದ್ದ.

"ನಾನ ರೀ ವೈನಿ. ಸರಗ ಚ್ಯಾಷ್ಟಿ ಮಾಡಾಕ ಹೋಗಿದ್ದೆ. ನೀವ ಎತ್ತಿದ್ರಿ. ಸಾಹೇಬ ನಿಲ್ಲಲಿಲ್ರಿ."

ಮೊದಲು ಮಾಲಾ ನಕ್ಕಳು, ಆಮೇಲೆ ಮೆಹಬೂಬ, ಆಮೇಲೆ ಬದುವಿನುದ್ದಕ್ಕೂ ನಗು ಹಬ್ಬಿತು. ಮೋಸ ಹೋದವರಿಗೆ ತಮಗಿಂತ ಹೆಚ್ಚು ಮೋಸ ಹೋದವನೊಬ್ಬ ಬೇಕಾಗಿದ್ದ. ಎಲ್ಲರೂ ಅಂಬಾದಾಸನತ್ತ ಬೆರಳು ಮಾಡಿದರು.

"ಮಾವಾ! ಬೋರೂ ಇಲ್ಲ, ಬಂದೂಕೂ ಇಲ್ಲ! ಚಿಲಕಾ ಒಂದ ಉಳೀತ ನೋಡು ನಿನಗ!" ಎಂದು ರಾಜಾರಾಮ ಹೊಟ್ಟೆ ಹಿಡಿದುಕೊಂಡ.

ಅಂಬಾದಾಸ ತೆನೆಯ ರಾಶಿಗೆ ಒರಗಿ ನಿಂತಿದ್ದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಬಂದೂಕು ಹೋಯಿತು. ಇಷ್ಟು ದಿನ ಹಲ್ಲು ತೋರಿಸಿ ಓಡಾಡಿದ್ದು ವ್ಯರ್ಥವಾಯಿತು.

ವಿಶಾಖಾಗೆ ನಗಲು ಸಮಯವಿರಲಿಲ್ಲ. ಪೆನ್ನು ತೆಗೆದು, "ಹೋಗ್ಲಿ, ನನ್ನ ಕೆಲಸ ಮುಗಸ್ತೇನಿ. ಇಲ್ಲಿ ಹಂದಿ ಕಾಟ ಐತೇನ್ರಿ? ಕಡೀಕ ಯಾವಾಗ ಬಂದಿದ್ವು? ಯಾರರೆ ಕಂಡವರು ಹೇಳ್ರಿ," ಎಂದಳು.

"ಹಂದೀ?" ರಾಜಾರಾಮ ಕಣ್ಣೊರೆಸಿಕೊಂಡು ಎದೆ ಉಬ್ಬಿಸಿದ. "ನನ್ನ ಕೇಳ್ರಿ ಮ್ಯಾಡಮ್ಮರ. ಇಪ್ಪತ್ತೆರಡ ದಿನ ಹಗಲೂ ರಾತ್ರಿ ಇಲ್ಲೇ ಕುಂತೇನಿ, ಕಣ್ಣಿಗೆ ಕಣ್ಣ ಹಚ್ಚಿಲ್ಲ. ಒಂದ ಹಂದಿ ಮಾರಿ ನೋಡಿದ್ರ ಕೇಳ್ರಿ! ನಾ ಇದ್ದ ಹೊಲದಾಗ ಹಂದಿ ಬರಾಕ ಧೈರ್ಯ ಬೇಕ್ರಿ!"

ಅಂಬಾದಾಸ ತಲೆಯೆತ್ತಿದ. ರಾಜಾರಾಮನನ್ನು ನೋಡಿದ. ಹನ್ನೊಂದು ಮಂಚಗಳನ್ನು ನೋಡಿದ. ತಿರುಗಿ, ತಾನು ಒರಗಿದ್ದ ರಾಶಿಯನ್ನು ಬುಡದಿಂದ ತುದಿಯವರೆಗೆ ನೋಡಿದ. ಒಂದು ತೆನೆ ಎತ್ತಿಕೊಂಡು ಕಾಳುಗಳ ಮೇಲೆ ಬೆರಳಾಡಿಸಿದ. ಒಂದೂ ಕಾಳು ಉದುರಿರಲಿಲ್ಲ.

"ರಾಜಾರಾಮಾ," ಎಂದ ಮೆಲ್ಲಗೆ, "ಎಷ್ಟ ದಿನ ಅಂದಿ?"

"ಇಪ್ಪತ್ತೆರಡ."

"ನಿದ್ದಿ ಮಾಡಿಲ್ಲ?"

"ಒಂದ ದಿನಾನೂ ಇಲ್ಲ!" ಎಂದ ರಾಜಾರಾಮ. ಎಂದವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಅಂಬಾದಾಸನ ಹೊಟ್ಟೆಯಲ್ಲಿ ಎಲ್ಲೋ ತಳದಲ್ಲಿ ಗುಳು ಗುಳು ಸದ್ದು ಹುಟ್ಟಿತು. ಎದೆಗೆ ಬಂತು, ಗಂಟಲಿಗೆ ಬಂತು, ಆಮೇಲೆ ಒಮ್ಮೆಲೇ ಚಿಮ್ಮಿತು. ಅವನು ನಗಲು ಶುರು ಮಾಡಿದ. ಉಳಿದವರ ನಗು ಅದರ ಮುಂದೆ ಕೆಮ್ಮಿನಂತೆ ಕೇಳಿಸಿ ನಿಂತುಹೋಯಿತು. ಅವನೊಬ್ಬನೇ ನಕ್ಕ.

"ಅಕ್ಕಾ, ಲಾವಣಿ ಮಾತು…" ಎಂದ ರಾಜಾರಾಮ, ಸಣ್ಣ ದನಿಯಲ್ಲಿ.

"ಯಾವ ಲಾವಣಿ?" ಎಂದಳು ಸೋನಾಬಾಯಿ. ರಾಶಿಯನ್ನು ನೋಡಿ ಅವಳ ಲೆಕ್ಕವೂ ಆಗಲೇ ಮುಗಿದಿತ್ತು. "ಹಂದಿ ತಿಂದ್ರ ಅಂದಿದ್ದೆ. ಹಂದಿ ತಿಂದಾವೇನು? ಹೊಲ ಅವರ ಕೈಯಾಗ ಇರಲಿ."

"ಕಾದಾಂವ ನಾನಕ್ಕಾ!"

"ಹೌದೋ ಯಪ್ಪಾ. ನಿನ್ನ ಕಡಿಂದ ಕಾಯಿಸಿಕೊಂಡಾರಲ್ಲ, ಅದಕ್ಕ ಅನ್ನಾಕತ್ತೇನಿ."

ಅಂಬಾದಾಸ ಕುಸಿದು ರಾಶಿಯ ಮೇಲೆ ಕೂತ. ತೆನೆಗಳು ಸರಿದು ಅವನನ್ನು ಅರ್ಧ ಒಳಗೆ ತೆಗೆದುಕೊಂಡವು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನದೀಮ ಹೆದರಿ ಬೆನ್ನು ತಿಕ್ಕಿದ. ಮೆಹಬೂಬ ನೀರು ತಂದ. ವಿಶಾಖಾ ಅಷ್ಟರಲ್ಲಿ ವರದಿ ಬರೆದು ಗಟ್ಟಿಯಾಗಿ ಓದಿ ಹೇಳಿದಳು.

"ಸ್ಥಳ ಪರಿಶೀಲಿಸಲಾಯಿತು. ಸದರಿ ಹೊಲದಲ್ಲಿ ಹಂದಿಗಳಿಲ್ಲ. ಜನ ಇದ್ದಾರೆ. ಈ ಜನರ ನಡುವೆ ಬಂದೂಕು ಕೊಡುವುದು ಸೂಕ್ತವಲ್ಲ. ತಗೋರಿ ಅಂಬಾದಾಸರ, ಇಲ್ಲೊಂದ ಸಹಿ ಮಾಡ್ರಿ."

ಅಂಬಾದಾಸ ಪೆನ್ನು ಹಿಡಿದ. ವರದಿಯ ಎರಡನೆಯ ವಾಕ್ಯ ಮತ್ತೆ ಕಣ್ಣಿಗೆ ಬಿತ್ತು, ಪೆನ್ನು ಬಿತ್ತು. ಎತ್ತಿಕೊಟ್ಟರು. 'ಅಂ' ಬರೆದ, ಸೊನ್ನೆ ಪಕ್ಕದ ಸಾಲಿಗೆ ಹೋಯಿತು. ಇನ್ನೊಂದು ಸಲ ಹಿಡಿದ, ರಾಜಾರಾಮನ ಮುಖ ನೋಡಿದ, ಕೈ ಮೊಣಕೈವರೆಗೆ ಕುಣಿಯಿತು. ಕೊನೆಗೆ ವಿಶಾಖಾ ಬೇಸತ್ತು ಚೀಲದಿಂದ ಮಸಿಯ ಪ್ಯಾಡು ತೆಗೆದು ಅವನ ಮುಂದೆ ಹಿಡಿದಳು. ಮೂವತ್ತನಾಲ್ಕು ವರ್ಷ ಸರ್ಕಾರಿ ಗುಮಾಸ್ತಿಕೆ ಮಾಡಿದ ಅಂಬಾದಾಸ, ತನ್ನ ಬಂದೂಕಿನ ಅರ್ಜಿ ತಿರಸ್ಕಾರವಾದದ್ದಕ್ಕೆ, ನಗುತ್ತ ನಗುತ್ತ ಹೆಬ್ಬೆಟ್ಟು ಒತ್ತಿದ.